ಕೂದಲೆಳೆಯಷ್ಟು ಸಂದು

ಬನಹಟ್ಟಿಯಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಮುಂದಿನ ಕೋಣೆಯಲ್ಲಿ ಎರಡು ಪಾವರ್‌ಲೂಮ್ ಮಗ್ಗ. ಆ ಮನೆಯ ಅಕ್ಕ ಬೆಳಿಗ್ಗೆ ಎದ್ದು ಕಂಡಿಕೆ ಸುತ್ತುತ್ತಾಳೆ. ಹರಿದ ಎಳೆಗೆ ಗಂಟು ಹಾಕುತ್ತಾಳೆ. ನೇಯ್ದ ಸೀರೆ ಮಡಿಸಿ ಇಡುತ್ತಾಳೆ. ಗಂಡ ಆ ಸೀರೆಗಳ ಗಂಟನ್ನು ಗಾಡಿಗೆ ಕಟ್ಟುತ್ತಾನೆ. ಒಂದು ದಿನ ಜಮಖಂಡಿ, ಒಂದು ದಿನ ಮುಧೋಳ, ಒಂದು ದಿನ ಬೀಳಗಿ. ಗಾಡಿ ಹಳೆಯ ಸ್ಪ್ಲೆಂಡರ್. ಗಾಡಿ ಓಡಿದರೆ ಸೀರೆ ಮಾರುತ್ತದೆ. ಸೀರೆ ಮಾರಿದರೆ ಸಂಘದ ಸಾಲದ ಕಂತು ಕಟ್ಟಲು ಆಗುತ್ತದೆ.

ಒಂದು ದಿನ ಗಾಡಿಯಿಂದ ಸದ್ದು ಬರತೊಡಗಿತು. ಟಕ್ ಟಕ್ ಟಕ್ ಟಕ್. ಎಂಜಿನ್ನಿನ ತಲೆಯೊಳಗೆ ಯಾರೋ ಸಣ್ಣ ಸುತ್ತಿಗೆ ಹಿಡಿದು ಕುಟ್ಟಿದಂತೆ. ಗಂಡ ಗ್ಯಾರೇಜಿಗೆ ಒಯ್ದ. ಹುಡುಗ ಕಿವಿ ಹತ್ತಿರ ಇಟ್ಟು ಕೇಳಿದ.

“ಟ್ಯಾಪೆಟ್ ಸಡ್ಲ ಆಗ್ಯಾವ್ರಿ ಕಾಕಾ. ಐದು ಮಿಂಟಿನ್ಯಾಗ ಮಾಡಿ ಕೊಡ್ತೀನಿ” ಎಂದ.

ಗಾಡಿ ಇನ್ನೂ ಬಿಸಿಯಾಗಿಯೇ ಇತ್ತು. ಹುಡುಗ ಪಾನಾ ಹಾಕಿದ. ಸದ್ದು ಪೂರ್ತಿ ನಿಲ್ಲುವವರೆಗೆ ಬಿಗಿ ಮಾಡಿದ. ಗಾಡಿ ಹೊಸದರ ಹಾಗೆ ಸುಮ್ಮನಾಯಿತು. ಗಂಡನಿಗೂ ಖುಷಿ, ಹುಡುಗನಿಗೂ ಖುಷಿ.

ಹದಿನೈದು ದಿನ ಕಳೆಯಿತು. ಅದು ಕಬ್ಬಿನ ಹಂಗಾಮು. ಮುಧೋಳದ ದಾರಿಯಲ್ಲಿ ಎಲ್ಲಿ ನೋಡಿದರೂ ಕಬ್ಬು ತುಂಬಿದ ಟ್ರ್ಯಾಕ್ಟರು. ಅವುಗಳ ಹಿಂದೆ ಮೆಲ್ಲಗೆ ಹೋಗಬೇಕು. ಗಾಡಿ ಕಾಯುತ್ತದೆ. ಮೊದಲು ಏರಿನಲ್ಲಿ ಎಳೆತ ಕಡಿಮೆ ಆಯಿತು. ಆಮೇಲೆ ಬಿಸಿ ಇದ್ದಾಗ ಕಿಕ್ ಹೊಡೆದರೆ ಚಾಲು ಆಗದಾಯಿತು. ಒಂದು ದಿನ ಸೀರೆ ಗಂಟಿನ ಜೊತೆ ನಡುದಾರಿಯಲ್ಲೇ ನಿಂತುಬಿಟ್ಟಿತು. ತಳ್ಳಿಕೊಂಡು ಊರಿಗೆ ತಂದರು.

“ಹೆಡ್ ಬಿಚ್ಚಬೇಕ್ರಿ. ವಾಲ್ವ್ ಸುಟ್ಟೈತಿ” ಎಂದರು ಇನ್ನೊಂದು ಗ್ಯಾರೇಜಿನವರು. ಖರ್ಚು ಸಾವಿರಗಟ್ಟಲೆ. ಆ ತಿಂಗಳ ಕಂತು ತಪ್ಪಿತು.

ಅಕ್ಕ ಒಂದು ಮಾತು ಕೇಳಿದಳು. “ಸದ್ದು ಇದ್ದಾಗ ಓಡ್ತಿತ್ತು. ಸದ್ದು ನಿಂತ ಮ್ಯಾಲೆ ಗಾಡೀನ ನಿಂತ್ತು. ಇದೆಂಥಾದ್ದು?”

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ತಿಳಿಯಬೇಕಾದರೆ ಎಂಜಿನ್ನಿನ ಒಳಗೆ ಇಣುಕಬೇಕು. ಬನ್ನಿ, ನೋಡೋಣ.

ಎರಡು ಬಾಗಿಲು

ಎಂಜಿನ್ನಿನ ಒಳಗೆ ಒಂದು ಕೊಳವೆ ಇದೆ. ಅದಕ್ಕೆ ಸಿಲಿಂಡರ್ ಎನ್ನುತ್ತಾರೆ. ಅದರೊಳಗೆ ಪಿಸ್ಟನ್ ಎಂಬ ಗಟ್ಟಿ ಬಿರಡೆ ಮುಂದಕ್ಕೂ ಹಿಂದಕ್ಕೂ ಆಡುತ್ತದೆ. ಕೊಳವೆಯ ತಲೆಯಲ್ಲಿ ಎರಡು ಬಾಗಿಲು. ಒಂದು ಒಳಗೆ ಬರುವ ಬಾಗಿಲು. ಅಲ್ಲಿಂದ ಪೆಟ್ರೋಲು ಬೆರೆತ ಗಾಳಿ ಬರುತ್ತದೆ. ಇನ್ನೊಂದು ಹೊರಗೆ ಹೋಗುವ ಬಾಗಿಲು. ಅಲ್ಲಿಂದ ಸುಟ್ಟ ಹೊಗೆ ಸೈಲೆನ್ಸರಿಗೆ ಹೋಗುತ್ತದೆ. ಈ ಬಾಗಿಲುಗಳಿಗೇ ವಾಲ್ವ್ ಎಂದು ಹೆಸರು. ನೋಡಲು ಉದ್ದ ಕಾಲಿನ ಅಣಬೆಯ ಹಾಗೆ ಇರುತ್ತವೆ. ಬಾಗಿಲು ಮುಚ್ಚಿದಾಗ ಅಣಬೆಯ ತಲೆ ಕಬ್ಬಿಣದ ಒಂದು ಉಂಗುರದ ಮೇಲೆ ಗಟ್ಟಿಯಾಗಿ ಕೂಡುತ್ತದೆ. ಆ ಉಂಗುರವೇ ಸೀಟು.

ಕೆಲಸ ನಾಲ್ಕು ಹಂತದಲ್ಲಿ ನಡೆಯುತ್ತದೆ. ಮೊದಲು ಒಳಬಾಗಿಲು ತೆರೆಯುತ್ತದೆ, ಗಾಳಿ-ಪೆಟ್ರೋಲು ಒಳಗೆ ಬರುತ್ತದೆ. ಆಮೇಲೆ ಎರಡೂ ಬಾಗಿಲು ಮುಚ್ಚುತ್ತವೆ, ಪಿಸ್ಟನ್ ಅದನ್ನು ಒತ್ತಿ ಹಿಡಿಯುತ್ತದೆ. ಆಗ ಪ್ಲಗ್ಗು ಕಿಡಿ ಹಚ್ಚುತ್ತದೆ. ಒಳಗೆ ಉರಿ ಎದ್ದು ಪಿಸ್ಟನ್ನನ್ನು ಜೋರಾಗಿ ತಳ್ಳುತ್ತದೆ. ಗಾಡಿ ಓಡುವುದು ಆ ಒಂದು ತಳ್ಳಿನಿಂದ. ಕೊನೆಗೆ ಹೊರಬಾಗಿಲು ತೆರೆದು ಹೊಗೆ ಹೋಗುತ್ತದೆ.

ಎರಡೂ ಬಾಗಿಲು ಗಟ್ಟಿಯಾಗಿ ಮುಚ್ಚಿದರೆ ಮಾತ್ರ ಆ ತಳ್ಳಿಗೆ ಬಲ. ಕುಕ್ಕರಿನ ರಬ್ಬರು ಸವೆದರೆ ಏನಾಗುತ್ತದೆ? ಪಕ್ಕದಿಂದ ಉಗಿ ಸೋರುತ್ತದೆ. ಸೀಟಿ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಬಾಗಿಲು ಸಂದು ಬಿಟ್ಟ ಎಂಜಿನ್ನಿನ ಪಾಡೂ ಅಷ್ಟೇ.

ಈ ಬಾಗಿಲುಗಳನ್ನು ತೆರೆಯುವವರು ಯಾರು? ಮಗ್ಗ ನೋಡಿದ ಅಕ್ಕಂದಿರಿಗೆ ಇದನ್ನು ಹೇಳುವುದು ಸುಲಭ. ಸಾದಾ ಪಾವರ್‌ಲೂಮ್ ಮಗ್ಗದ ಕೆಳಗೆ ಬಗ್ಗಿ ನೋಡಿ. ಅಲ್ಲಿ ಒಂದು ದಂಡ ತಿರುಗುತ್ತಿರುತ್ತದೆ. ಆ ದಂಡದ ಮೇಲೆ ಒಂದು ಕಡೆ ಉಬ್ಬಿದ, ತತ್ತಿಯಾಕಾರದ ಗಾಲಿಗಳಿವೆ. ಉಬ್ಬು ಬಂದಾಗ ಅದು ಹಲಗೆಯನ್ನು ತುಳಿಯುತ್ತದೆ. ಆಗ ಹಾಸಿನ ಅರ್ಧ ಎಳೆ ಮೇಲೆ, ಅರ್ಧ ಎಳೆ ಕೆಳಗೆ ಆಗುತ್ತವೆ. ನಡುವೆ ಲಾಳಿ ಓಡುತ್ತದೆ. ಆ ತತ್ತಿಯಾಕಾರದ ಗಾಲಿಗೆ ಮಗ್ಗದವರೂ ಟ್ಯಾಪೆಟ್ ಎಂದೇ ಅನ್ನುತ್ತಾರೆ.

ಇನ್ನೂ ಒಂದು ಸೋಜಿಗ ಇದೆ. ಮಗ್ಗದ ಮೇಲಿನ ಕ್ರ್ಯಾಂಕ್ ದಂಡ ಎರಡು ಸುತ್ತು ಸುತ್ತಿದರೆ ಕೆಳಗಿನ ದಂಡ ಒಂದೇ ಸುತ್ತು ಸುತ್ತುತ್ತದೆ. ಮೋಟರ್ ಸೈಕಲ್ ಎಂಜಿನ್ನಿನಲ್ಲೂ ಲೆಕ್ಕ ಇದೇ. ಕ್ರ್ಯಾಂಕ್ ಎರಡು ಸುತ್ತು, ಬಾಗಿಲು ತೆರೆಯುವ ದಂಡ ಒಂದು ಸುತ್ತು. ಈ ಎರಡಕ್ಕೊಂದು ಲೆಕ್ಕ ನೆನಪಿನಲ್ಲಿ ಇರಲಿ. ಮುಂದೆ ಬೇಕಾಗುತ್ತದೆ.

ಎಂಜಿನ್ನಿನಲ್ಲಿ ಉಬ್ಬಿನ ದಂಡಕ್ಕೆ ಕ್ಯಾಮ್ ಎನ್ನುತ್ತಾರೆ. ಕ್ಯಾಮ್ ನೇರವಾಗಿ ಬಾಗಿಲನ್ನು ಮುಟ್ಟುವುದಿಲ್ಲ. ನಡುವೆ ರಾಕರ್ ಎಂಬ ಸಣ್ಣ ತೋಳು ಇದೆ. ಅದು ಬಾವಿಯ ಏತದ ಹಾಗೆ. ಒಂದು ತುದಿ ಮೇಲೆದ್ದರೆ ಇನ್ನೊಂದು ತುದಿ ಕೆಳಗೆ. ಕ್ಯಾಮಿನ ಉಬ್ಬು ಒಂದು ತುದಿಯನ್ನು ಎತ್ತುತ್ತದೆ. ಇನ್ನೊಂದು ತುದಿ ಬಾಗಿಲಿನ ಕೋಲನ್ನು ಒತ್ತುತ್ತದೆ. ಬಾಗಿಲು ತೆರೆಯುತ್ತದೆ. ಉಬ್ಬು ದಾಟಿದ ಕೂಡಲೇ ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತದೆ.

ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದೆ ಎನ್ನೋಣ. ಆಗ ಒಂದೊಂದು ಬಾಗಿಲೂ ನಿಮಿಷಕ್ಕೆ 2,000 ಸಲ ತೆರೆದು ಮುಚ್ಚುತ್ತದೆ. ಅರ್ಧ ತಾಸಿನ ದಾರಿಯಲ್ಲಿ 60,000 ಸಲ!

ಸಂದು ಯಾಕೆ ಬೇಕು?

ರಾಕರಿನ ತುದಿಗೂ ಬಾಗಿಲಿನ ಕೋಲಿಗೂ ನಡುವೆ ಒಂದಿಷ್ಟು ಸಂದು ಬಿಟ್ಟಿರುತ್ತಾರೆ. ತೀರ ಸಣ್ಣದು. ತಲೆಗೂದಲಿನ ದಪ್ಪದಷ್ಟು. ಗ್ಯಾರೇಜಿನವರು ಟ್ಯಾಪೆಟ್ ಸೆಟ್ಟಿಂಗ್ ಅನ್ನುವುದು ಈ ಸಂದನ್ನು ಸರಿಮಾಡುವ ಕೆಲಸಕ್ಕೆ.

ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುವುದನ್ನು ನೀವು ನೋಡಿರಬಹುದು. ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸುತ್ತಾರೆ. ಅದು ಹಿಗ್ಗುತ್ತದೆ. ಹಿಗ್ಗಿದಾಗ ಗಾಲಿಯ ಮೇಲೆ ಇಳಿಸಿ ನೀರು ಹೊಯ್ಯುತ್ತಾರೆ. ತಣ್ಣಗಾಗಿ ಕುಗ್ಗಿ ಗಾಲಿಯನ್ನು ಅವುಚಿ ಹಿಡಿಯುತ್ತದೆ. ಕಬ್ಬಿಣ ಕಾದರೆ ಹಿಗ್ಗುತ್ತದೆ. ಬಾಗಿಲಿನ ಕೋಲೂ ಕಬ್ಬಿಣದ ಜಾತಿಯೇ. ಅದೂ ಕಾದು ಉದ್ದವಾಗುತ್ತದೆ. ಹೊಗೆ ಹೋಗುವ ಬಾಗಿಲು ಸುಮಾರು 700 ಡಿಗ್ರಿ ಕಾಯುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ. ಆ ಬಿಸಿ ಎಷ್ಟು ಎಂದು ಇದರಿಂದ ತಿಳಿಯಿರಿ.

ಸಂದು ಇಲ್ಲದಿದ್ದರೆ ಏನಾಗುತ್ತದೆ? ಕೋಲು ಉದ್ದವಾದಾಗ ಅದರ ತುದಿ ರಾಕರಿಗೆ ತಾಗುತ್ತದೆ. ರಾಕರ್ ಹಿಂದೆ ಸರಿಯುವುದಿಲ್ಲ. ಆಗ ಕೋಲು ಬಾಗಿಲನ್ನೇ ಒಳಕ್ಕೆ ತಳ್ಳುತ್ತದೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಒಂದು ಎಳೆಯಷ್ಟು ತೆರೆದೇ ಉಳಿಯುತ್ತದೆ.

ಆ ಎಳೆಯಷ್ಟು ಜಾಗದಲ್ಲಿ ಉರಿ ನುಗ್ಗುತ್ತದೆ. ಇನ್ನೊಂದು ಕೇಡೂ ಇದೆ. ಹೊರಬಾಗಿಲು ಕಾದಿರುತ್ತದಲ್ಲ, ಅದು ತಂಪಾಗುವುದು ಹೇಗೆ? ಸೀಟಿನ ಮೇಲೆ ಕೂತಾಗ. ಕೂತಷ್ಟು ಹೊತ್ತಿನಲ್ಲಿ ತನ್ನ ಬಿಸಿಯ ಬಹುಭಾಗವನ್ನು ಸೀಟಿಗೆ ದಾಟಿಸುತ್ತದೆ. ಸರಿಯಾಗಿ ಕೂಡಲು ಬಿಡದಿದ್ದರೆ ಬಿಸಿ ದಾಟುವುದಿಲ್ಲ. ಬಾಗಿಲಿನ ಅಂಚು ಸುಡುತ್ತದೆ. ಹೊತ್ತಿದ ರೊಟ್ಟಿಯ ಅಂಚು ಮುರಿದ ಹಾಗೆ ಒಂದು ಕಡೆ ಚಕ್ಕೆ ಏಳುತ್ತದೆ. ಬನಹಟ್ಟಿಯ ಗಾಡಿಗೆ ಆದದ್ದು ಇದೇ.

ಈಗ ಅಕ್ಕನ ಪ್ರಶ್ನೆಗೆ ಉತ್ತರ ಹೇಳಬಹುದು. ಸಂದು ಹೆಚ್ಚಾದರೆ ರಾಕರ್ ಆ ಜಾಗ ದಾಟಿ ಬಂದು ಕೋಲನ್ನು ಕುಟ್ಟುತ್ತದೆ. ಅದೇ ಟಕ್ ಟಕ್. ಬಾಗಿಲು ತೆರೆಯಬೇಕಾದಷ್ಟು ತೆರೆಯುವುದಿಲ್ಲ. ಬಲ ಸ್ವಲ್ಪ ತಗ್ಗುತ್ತದೆ, ಕುಟ್ಟಿದ ಜಾಗ ಸವೆಯುತ್ತದೆ. ಆದರೆ ಬಾಗಿಲು ಮುಚ್ಚುತ್ತದೆ. ಸಂದು ಕಡಿಮೆಯಾದರೆ ಕುಟ್ಟಲು ಜಾಗವೇ ಇಲ್ಲ. ಆದ್ದರಿಂದ ಸದ್ದೂ ಇಲ್ಲ. ಸದ್ದಿಲ್ಲದೆ ಸುಡುತ್ತದೆ. ಸಡಿಲ ಕಿವಿಗೆ ಕೇಳುತ್ತದೆ, ಬಿಗಿ ಕೇಳುವುದಿಲ್ಲ. ಎರಡರಲ್ಲಿ ಬಿಗಿಯೇ ಹೆಚ್ಚು ಕೆಟ್ಟದ್ದು.

ಒಳ್ಳೆಯ ಎಂಜಿನ್ನಿನಲ್ಲೂ ಟ್ಯಾಪೆಟ್ ಸಣ್ಣಗೆ ಸದ್ದು ಮಾಡುತ್ತದೆ. ದೂರದಲ್ಲಿ ಹೊಲಿಗೆ ಮಿಷಿನ್ ನಡೆದ ಹಾಗೆ. ಅದನ್ನು ಪೂರ್ತಿ ನಿಲ್ಲಿಸಿ ಕೊಡು ಎಂದು ಕೇಳುವವರು ನಾವೇ. ಗ್ಯಾರೇಜಿನ ಹುಡುಗ ನಮ್ಮ ಮಾತು ಕೇಳಿ ಬಿಗಿ ಮಾಡುತ್ತಾನೆ. ತಪ್ಪು ಅವನದಷ್ಟೇ ಅಲ್ಲ.

ಸಂದು ತಾನಾಗಿಯೂ ಬದಲಾಗುತ್ತದೆ. ರಾಕರಿನ ತುದಿ, ಕ್ಯಾಮಿನ ಉಬ್ಬು ಸವೆದರೆ ಸಂದು ಹೆಚ್ಚುತ್ತದೆ. ಬಾಗಿಲು ಬಡಿದು ಬಡಿದು ಸೀಟಿನೊಳಗೆ ಕುಸಿದರೆ ಅದರ ಕೋಲು ರಾಕರಿನ ಕಡೆಗೆ ಸರಿಯುತ್ತದೆ. ಆಗ ಸಂದು ಕಡಿಮೆಯಾಗುತ್ತದೆ. ಅಂದರೆ ಯಾರೂ ಮುಟ್ಟದ ಗಾಡಿಯೂ ಬಿಗಿಯಾಗಬಹುದು. ಅದಕ್ಕೇ ಸದ್ದು ಬರಲಿ ಎಂದು ಕಾಯಬಾರದು. ಎಷ್ಟು ಕಿಲೋಮೀಟರಿಗೆ ನೋಡಬೇಕು ಎಂದು ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ.

ಬಿಗಿಯಾದ ಗಾಡಿಯನ್ನು ಗುರುತಿಸುವ ಕೆಲವು ಲಕ್ಷಣಗಳಿವೆ. ತಣ್ಣಗಿದ್ದಾಗ ಚಾಲು ಆಗುತ್ತದೆ, ಬಿಸಿಯಾದ ಮೇಲೆ ಸತಾಯಿಸುತ್ತದೆ. ನಿಂತಲ್ಲಿ ಒಂದೇ ಸಮ ಓಡುವುದಿಲ್ಲ, ಏರುಪೇರು ಆಗುತ್ತದೆ. ಸೈಲೆನ್ಸರಿನಲ್ಲಿ ಪಟ್ ಪಟ್ ಎನ್ನುತ್ತದೆ. ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಚಾವಿ ಬಂದ್ ಮಾಡಿ. ಕಿಕ್ಕಿನ ಮೇಲೆ ಮೆಲ್ಲಗೆ ಕಾಲು ಒತ್ತಿ. ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ಎಲ್ಲೂ ತಡೆಯದೆ ಬುಳಕ್ಕನೆ ಕೆಳಗೆ ಹೋದರೆ ಒಳಗಿನ ಒತ್ತಡ ಸೋರುತ್ತಿದೆ. ಸೋರುವುದು ಪಿಸ್ಟನ್ನಿನ ರಿಂಗಿನಿಂದಲೂ ಇರಬಹುದು. ಆದರೆ ಮೊದಲು ಟ್ಯಾಪೆಟ್ ನೋಡಬೇಕು. ಅದು ಅಗ್ಗದ ಕೆಲಸ.

ಸೊನ್ನೆ, ಚುಕ್ಕೆ, ಸೊನ್ನೆ, ಐದು

ಕೂದಲಿನಷ್ಟು ಸಂದನ್ನು ಅಳೆಯುವುದು ಹೇಗೆ? ಅದಕ್ಕೆ ಫೀಲರ್ ಗೇಜ್ ಎಂಬ ಸಾಮಾನು ಇದೆ. ಚಾಕುವಿನ ಹಾಗೆ ಮಡಚಿರುತ್ತದೆ. ಬಿಚ್ಚಿದರೆ ಉಕ್ಕಿನ ತೆಳ್ಳನೆಯ ಎಲೆಗಳು. ಒಂದೊಂದು ಎಲೆ ಒಂದೊಂದು ದಪ್ಪ. ಎಲೆಯ ಮೇಲೆ ದಪ್ಪದ ಅಂಕಿ ಕೆತ್ತಿರುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಇಲ್ಲಿ ಓದು ಬರಬೇಕು. ಹಳೆಯ ಹೀರೋ ಹೋಂಡಾ ಸಿಡಿ 100, ಹಳೆಯ ಸ್ಪ್ಲೆಂಡರ್ ಗಾಡಿಗಳಿಗೆ ಎರಡೂ ಬಾಗಿಲಿಗೆ 0.05 ಮಿಲಿಮೀಟರ್ ಸಂದು ಹೇಳುತ್ತಾರೆ. ಸಿಡಿ 100 ಬಂದದ್ದು 1985ರಲ್ಲಿ, ಸ್ಪ್ಲೆಂಡರ್ ಬಂದದ್ದು 1994ರಲ್ಲಿ. ನಮ್ಮ ಹಳ್ಳಿಗಳಲ್ಲಿ ಇಂಥ ಗಾಡಿಗಳು ಇನ್ನೂ ಓಡುತ್ತಿವೆ. 0.05 ಎಂದರೆ ಎಷ್ಟು? ನಿಮ್ಮ ಮಕ್ಕಳ ಅಳತೆಪಟ್ಟಿ ತೆಗೆದುಕೊಳ್ಳಿ. ಅದರಲ್ಲಿ ಎರಡು ಸಣ್ಣ ಗೆರೆಗಳ ನಡುವಿನ ಜಾಗ ಒಂದು ಮಿಲಿಮೀಟರ್. ಆ ಜಾಗವನ್ನು 100 ಪಾಲು ಮಾಡಿ. ಅದರಲ್ಲಿ 5 ಪಾಲು. ಅದೇ 0.05.

ಚುಕ್ಕೆಯ ಮುಂದಿನ ಸೊನ್ನೆ ಬಿಟ್ಟು ಓದಿದರೆ 0.5 ಆಗುತ್ತದೆ. ಅದು ಹತ್ತು ಪಟ್ಟು ಹೆಚ್ಚು! ಗೇಜಿನ ಕೆಲವು ಎಲೆಗಳ ಮೇಲೆ ಇಂಚಿನ ಅಂಕಿಯೂ ಇರುತ್ತದೆ. 0.002 ಇಂಚು ಎಂದರೂ 0.05 ಮಿಲಿಮೀಟರ್ ಎಂದರೂ ಹೆಚ್ಚು ಕಡಿಮೆ ಒಂದೇ. ಯಾವ ಅಂಕಿ ಯಾವ ಅಳತೆಯದು ಎಂದು ನೋಡಿಕೊಳ್ಳಿ.

ಬೇರೆ ಗಾಡಿಗೆ ಬೇರೆ ಅಂಕಿ. ಕೆಲವಕ್ಕೆ ಒಳಬಾಗಿಲಿಗೆ ಒಂದು, ಹೊರಬಾಗಿಲಿಗೆ ಸ್ವಲ್ಪ ಹೆಚ್ಚು. ಹೊರಬಾಗಿಲು ಹೆಚ್ಚು ಕಾಯುತ್ತದಲ್ಲ, ಅದಕ್ಕೆ. ಪಕ್ಕದ ಮನೆಯ ಗಾಡಿಯ ಅಂಕಿ ನಿಮ್ಮ ಗಾಡಿಗೆ ಬರುವುದಿಲ್ಲ. ನಿಮ್ಮ ಗಾಡಿಯ ಪುಸ್ತಕ ನೋಡಿ. ಪುಸ್ತಕ ಇಂಗ್ಲಿಷಿನಲ್ಲಿ ಇದ್ದರೆ ಹೆದರಬೇಡಿ. ಅಂಕಿ ಓದಲು ಬಂದರೆ ಅರ್ಧ ಕೆಲಸ ಆಯಿತು. ಉಳಿದದ್ದನ್ನು ಶಾಲೆಗೆ ಹೋಗುವ ಮಗಳನ್ನು ಕೇಳಬಹುದು.

ಮಾಡುವ ಬಗೆ

ಬನಹಟ್ಟಿಯ ಅಕ್ಕ ಮತ್ತು ಅವಳ ಗಂಡ ಮುಂದಿನ ಸಲ ಮನೆಯಲ್ಲೇ ನೋಡಿದರು ಎಂದುಕೊಳ್ಳೋಣ. ಹೆಡ್ಡಿನ ಕೆಲಸ ಮಾಡಿದ ಗ್ಯಾರೇಜಿನವರೇ ಒಂದು ಸಲ ತೋರಿಸಿಕೊಟ್ಟಿದ್ದರು. ಮೊದಲ ಸಲ ತಿಳಿದವರ ಎದುರಿಗೆ ಮಾಡುವುದೇ ಒಳ್ಳೆಯದು.

ಅವರು ಬೆಳಗಿನ ಹೊತ್ತು ಆರಿಸಿಕೊಂಡರು. ಗಾಡಿ ರಾತ್ರಿಯಿಡೀ ನಿಂತು ತಣ್ಣಗಾಗಿತ್ತು. ಪುಸ್ತಕದ ಅಂಕಿ ತಣ್ಣಗಿನ ಎಂಜಿನ್ನಿನ ಅಂಕಿ. ಬಿಸಿ ಎಂಜಿನ್ನಿನಲ್ಲಿ ಒಂದೊಂದು ಭಾಗವೂ ಒಂದೊಂದು ತರಹ ಹಿಗ್ಗಿರುತ್ತದೆ. ಆಗ ಅಳೆದರೆ ಅಳತೆ ಸುಳ್ಳು.

ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿದರು. ಗೇರು ನ್ಯೂಟ್ರಲ್. ಪೆಟ್ರೋಲಿನ ತೋಟಿ ಬಂದ್. ಅಕ್ಕ ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡಳು. ಎಂಜಿನ್ನಿನ ತಲೆಯ ಸುತ್ತ ಇದ್ದ ಮಣ್ಣು, ಎಣ್ಣೆ ಎಲ್ಲ ಬಟ್ಟೆಯಿಂದ ಒರೆಸಿದರು. ಇದನ್ನು ಅಸಡ್ಡೆ ಮಾಡಬಾರದು. ಮುಚ್ಚಳ ತೆಗೆದಾಗ ಒಂದು ಕಾಳು ಉಸುಕು ಒಳಗೆ ಬಿದ್ದರೂ ಅದು ಎಂಜಿನ್ನನ್ನು ಗೀರುತ್ತದೆ.

ಆಮೇಲೆ ಪ್ಲಗ್ಗು ಬಿಚ್ಚಿದರು. ಪ್ಲಗ್ಗು ತೆಗೆದರೆ ಒಳಗೆ ಗಾಳಿ ಒತ್ತುವುದಿಲ್ಲ, ಎಂಜಿನ್ನು ಕೈಯಿಂದ ಹಗುರಾಗಿ ತಿರುಗುತ್ತದೆ. ಟ್ಯಾಪೆಟ್ ನೋಡುವ ಎರಡು ಮುಚ್ಚಳ ಬಿಚ್ಚಿದರು. ಈ ಗಾಡಿಯಲ್ಲಿ ಎಂಜಿನ್ನು ಮುಂದಕ್ಕೆ ಮಲಗಿದೆ. ಮೇಲಿನ ಮುಚ್ಚಳದ ಕೆಳಗೆ ಒಳಬಾಗಿಲು. ಅದು ಕಾರ್ಬೊರೇಟರಿನ ಕಡೆ. ತಳದ ಮುಚ್ಚಳದ ಕೆಳಗೆ ಹೊರಬಾಗಿಲು. ಅದು ಸೈಲೆನ್ಸರ್ ಕೊಳವೆಯ ಕಡೆ.

ಎಡಗಡೆ ಎಂಜಿನ್ನಿನ ಮೇಲೆ ಇನ್ನೆರಡು ಮುಚ್ಚಳ. ದೊಡ್ಡದರೊಳಗೆ ಒಂದು ನಟ್ಟು. ಅದಕ್ಕೆ ಪಾನಾ ಹಾಕಿ ತಿರುಗಿಸಬೇಕು. ಯಾವ ಕಡೆಗೆ? ಗಡಿಯಾರದ ಮುಳ್ಳು ಹೋಗುವ ಕಡೆಗೆ ಅಲ್ಲ, ಅದರ ಎದುರು ಕಡೆಗೆ. ಸಣ್ಣ ಮುಚ್ಚಳದ ತೂತಿನಲ್ಲಿ ಅಕ್ಕ ಕಣ್ಣಿಟ್ಟು ನೋಡಿದಳು. ಒಳಗಿನ ಗಾಲಿಯ ಮೇಲೆ ಇಂಗ್ಲಿಷಿನ ಎರಡು ಅಕ್ಷರ ಬರುತ್ತವೆ. ಒಂದು ‘ಎಫ್’, ಇನ್ನೊಂದು ‘ಟಿ’. ನಮಗೆ ಬೇಕಾದದ್ದು ‘ಟಿ’. ನೆಟ್ಟ ಕಂಬದ ತಲೆಯ ಮೇಲೆ ಅಡ್ಡ ಹಲಗೆ ಇಟ್ಟ ಹಾಗೆ ಅದರ ರೂಪ. ಆ ಅಕ್ಷರದ ಪಕ್ಕದ ಗೆರೆ ತೂತಿನ ಅಂಚಿನ ಗುರುತಿಗೆ ನೇರವಾಗಬೇಕು.

“ಬಂತು, ಬಂತು! ನಿಲ್ಸ್ರಿ” ಎಂದಳು ಅಕ್ಕ.

ಆದರೆ ಇಷ್ಟಕ್ಕೇ ಮೋಸ ಹೋಗಬಾರದು. ಎರಡಕ್ಕೊಂದು ಲೆಕ್ಕ ನೆನಪಿದೆಯೆ? ಕ್ರ್ಯಾಂಕ್ ಎರಡು ಸುತ್ತು ಸುತ್ತುವಾಗ ‘ಟಿ’ ಎರಡು ಸಲ ಬರುತ್ತದೆ. ಒಂದು ಸಲ ಎರಡೂ ಬಾಗಿಲು ಮುಚ್ಚಿರುತ್ತವೆ. ಇನ್ನೊಂದು ಸಲ ಬಾಗಿಲುಗಳು ಅರೆ ತೆರೆದಿರುತ್ತವೆ. ಮುಚ್ಚಿದಾಗ ಮಾತ್ರ ಅಳೆಯಬೇಕು. ಗುರುತಿಸುವುದು ಸುಲಭ. ರಾಕರನ್ನು ಬೆರಳಿನಿಂದ ಅಲುಗಿಸಿ. ಎರಡೂ ರಾಕರು ತುಸು ತುಸು ಅಲುಗಿದರೆ ಬಾಗಿಲು ಮುಚ್ಚಿವೆ. ಅಲುಗದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ‘ಟಿ’ಗೆ ತನ್ನಿ. ಆಗಲೂ ಅಲುಗದಿದ್ದರೆ ಸಂದು ಇಲ್ಲವೇ ಇಲ್ಲ ಎಂದು ಅರ್ಥ.

ಗಂಡ ಗೇಜು ಬಿಚ್ಚಿದ. ಎಲೆಗಳನ್ನು ಹತ್ತಿರ ಹಿಡಿದ, ದೂರ ಹಿಡಿದ. ಅವನಿಗೆ ನಲವತ್ತು ದಾಟಿದೆ, ಚಾಳೀಸು ಮರೆತು ಬಂದಿದ್ದ.

“ಏ, ಇದರಾಗ ಏನ್ ಬರದೈತಿ ನೋಡು” ಎಂದ.

ಅಕ್ಕ ಎಲೆಯನ್ನು ಬೆಳಕಿಗೆ ಹಿಡಿದಳು. ಬೆರಳು ಇಟ್ಟು ಒಂದೊಂದೇ ಓದಿದಳು. “ಸೊನ್ನಿ. ಚುಕ್ಕಿ. ಸೊನ್ನಿ. ಐದು. ಇದ ಐತ್ರಿ.”

ಆ ಎಲೆಯನ್ನು ರಾಕರಿನ ತುದಿಗೂ ಕೋಲಿಗೂ ನಡುವೆ ತೂರಿಸಿದರು. ಎಲೆ ಹೋಗಬೇಕು, ಆದರೆ ಸಲೀಸಾಗಿ ಹೋಗಬಾರದು. ಸ್ವಲ್ಪ ಹಿಡಿಯಬೇಕು. ಎಷ್ಟು ಹಿಡಿಯಬೇಕು? ಬರೆದು ಹೇಳುವುದು ಕಷ್ಟ. ಸೀರೆಯ ಸೆರಗನ್ನು ಎರಡು ಬೆರಳಿನ ನಡುವೆ ಮೆಲ್ಲಗೆ ಒತ್ತಿ ಎಳೆದು ನೋಡಿ. ಎಳೆ ಹರಿಯುವುದಿಲ್ಲ, ಆದರೆ ಬೆರಳಿಗೆ ಗೊತ್ತಾಗುತ್ತದೆ. ಅಷ್ಟು. ನೂಲು ಮುಟ್ಟಿ ಮುಟ್ಟಿ ಪಳಗಿದ ಕೈಗೆ ಇದು ಬೇಗ ತಿಳಿಯುತ್ತದೆ. ಎಲೆ ಒಳಗೇ ಹೋಗದಿದ್ದರೆ ಬಿಗಿ. ಅದಕ್ಕಿಂತ ದಪ್ಪನೆಯ ಎಲೆಯೂ ಸಲೀಸಾಗಿ ಹೋದರೆ ಸಡಿಲ.

ಒಳಬಾಗಿಲು ಸರಿ ಇತ್ತು. ಮುಟ್ಟಲಿಲ್ಲ. ಸರಿ ಇದ್ದದ್ದನ್ನು ಮುಟ್ಟಬಾರದು. ಹೊರಬಾಗಿಲು ಬಿಗಿ ಇತ್ತು. ಎಲೆ ಹೋಗಲಿಲ್ಲ.

ರಾಕರಿನ ತುದಿಯಲ್ಲಿ ಒಂದು ಸಣ್ಣ ಸ್ಕ್ರೂ, ಅದನ್ನು ಹಿಡಿದಿಡಲು ಒಂದು ನಟ್ಟು. ನಟ್ಟಿಗೆ 9 ನಂಬರಿನ ರಿಂಗ್ ಪಾನಾ ಹಾಕಿ ಸಡಿಲ ಮಾಡಿದರು. ಸ್ಕ್ರೂ ತಲೆಗೆ ಟ್ಯಾಪೆಟ್ ಕೀ ಹಾಕಿದರು. ಗಡಿಯಾರದ ಮುಳ್ಳಿನ ಕಡೆಗೆ ತಿರುವಿದರೆ ಸಂದು ಕಡಿಮೆ. ಎದುರು ಕಡೆಗೆ ತಿರುವಿದರೆ ಹೆಚ್ಚು. ಅವರು ಎದುರು ಕಡೆಗೆ ಸ್ವಲ್ಪವೇ ತಿರುವಿದರು. ಎಲೆ ಒಳಗೆ ಇಟ್ಟು ನೋಡಿದರು. ಹಿತವಾಗಿ ಹಿಡಿಯಿತು. ನಟ್ಟು ಬಿಗಿ ಮಾಡಿದರು. ಮತ್ತೆ ಎಲೆ ಹಾಕಿ ನೋಡಿದರೆ ಹೋಗುವುದೇ ಇಲ್ಲ!

ಎಲ್ಲರೂ ಮೊದಲ ಸಲ ಎಡವುವುದು ಇಲ್ಲೇ. ನಟ್ಟು ಬಿಗಿ ಮಾಡುವಾಗ ಅದು ಸ್ಕ್ರೂವನ್ನೂ ತನ್ನ ಜೊತೆ ಎಳೆದುಕೊಂಡು ತಿರುಗುತ್ತದೆ. ಕೂದಲೆಳೆಯಷ್ಟು ಸಂದು ಅಷ್ಟರಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೆ ಒಂದು ಕೈಯಲ್ಲಿ ಸ್ಕ್ರೂವನ್ನು ಅಲುಗದಂತೆ ಹಿಡಿಯಬೇಕು. ಇನ್ನೊಂದು ಕೈಯಲ್ಲಿ ನಟ್ಟು ಬಿಗಿಯಬೇಕು. ಎಲೆ ಹಿಡಿಯಲು ಮೂರನೆಯ ಕೈ ಬೇಕು. ಇಬ್ಬರು ಇದ್ದರೆ ಹಗುರ. ಮೂರು ಸಲ ಮಾಡಿದ ಮೇಲೆ ಸರಿಯಾಯಿತು. ನಟ್ಟನ್ನು ಪೂರ್ತಿ ಬಿಗಿದ ಮೇಲೆ ಅಳೆದದ್ದೇ ನಿಜವಾದ ಅಳತೆ. ಅದಕ್ಕಿಂತ ಮೊದಲಿನದು ಲೆಕ್ಕಕ್ಕಿಲ್ಲ. ಹಾಗೆಂದು ನಟ್ಟನ್ನು ಮೈಯೆಲ್ಲ ಬಲ ಹಾಕಿ ಬಿಗಿಯಬಾರದು. ಅದು ಸಣ್ಣ ನಟ್ಟು, ಹಲ್ಲು ಕಿತ್ತುಹೋಗುತ್ತದೆ.

ಕೊನೆಗೆ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ‘ಟಿ’ಗೆ ತಂದು, ಇನ್ನೊಮ್ಮೆ ಅಳೆದರು. ಮುಚ್ಚಳಗಳ ರಬ್ಬರಿನ ಉಂಗುರ ನೋಡಿದರು. ಉಂಗುರ ಬಿರಿದಿದ್ದರೆ ಹೊಸದು ಹಾಕಬೇಕು, ಇಲ್ಲದಿದ್ದರೆ ಎಣ್ಣೆ ಸೋರುತ್ತದೆ. ಮುಚ್ಚಳ, ಪ್ಲಗ್ಗು ಹಾಕಿದರು. ನಟ್ಟಿಗೆ ಹಾಕಿದ್ದ ಪಾನಾ ತೆಗೆದಿದ್ದೇವೆಯೆ ಎಂದು ನೋಡಿಯೇ ಕಿಕ್ ಹೊಡೆದರು.

ಎಲ್ಲ ಗಾಡಿಗೂ ಟ್ಯಾಪೆಟ್ ಇಲ್ಲ

ನಿಮ್ಮ ಮನೆಯಲ್ಲಿ ಹಳೆಯ ಲೂನಾ ಇದ್ದರೆ ಟ್ಯಾಪೆಟ್ ಹುಡುಕಬೇಡಿ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಿಗೂ ಇಲ್ಲ. ಯಮಹಾ ಆರ್‌ಎಕ್ಸ್ 100 ಗಾಡಿಗೂ ಇಲ್ಲ. ಇವು ಟೂ ಸ್ಟ್ರೋಕ್ ಗಾಡಿಗಳು. ಇವುಗಳ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನೇ ಹೋಗಿ ಬಂದು ಆ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ.

ಟಿವಿಎಸ್ ಎಕ್ಸೆಲ್ ಗಾಡಿಯಲ್ಲಿ ಎರಡೂ ಜಾತಿ ಇವೆ. ಹಳೆಯ ಎಕ್ಸೆಲ್ ಟೂ ಸ್ಟ್ರೋಕ್, ಅದಕ್ಕೆ ಟ್ಯಾಪೆಟ್ ಇಲ್ಲ. 2015ರಲ್ಲಿ ಬಂದ ಎಕ್ಸೆಲ್ 100 ಫೋರ್ ಸ್ಟ್ರೋಕ್, ಅದಕ್ಕೆ ಇದೆ. 2001ರಲ್ಲಿ ಬಂದ ಆಕ್ಟಿವಾ ಸ್ಕೂಟರಿಗೂ ಇದೆ. ಆಲಮಟ್ಟಿ ಹಿನ್ನೀರಿಗೆ ಬೀಳಗಿ ಕಡೆಯ ಎಷ್ಟೋ ಊರು ಮುಳುಗಿ ಜನ ಬೇರೆ ಕಡೆ ನೆಲೆಸಿದರು. ಮನೆ ಒಂದು ಕಡೆ, ಉಳಿದ ಹೊಲ ಒಂದು ಕಡೆ ಆದವರಿಗೆ ಇಂಥ ಗಾಡಿಯೇ ಕಾಲು. ಅದರ ಮೇಲೆ ಮೇವು, ಹಾಲಿನ ಕ್ಯಾನು ಹೇರಿಕೊಂಡು ಹೋಗುವ ಹೆಣ್ಣುಮಕ್ಕಳು ಟ್ಯಾಪೆಟ್ ಎಂಬ ಮಾತನ್ನು ತಿಳಿದಿರಬೇಕು. ಸ್ಕೂಟರಿನಲ್ಲಿ ಎಂಜಿನ್ನು ಮುಚ್ಚಿಕೊಂಡಿರುತ್ತದೆ. ಮೇಲಿನ ಹೊದಿಕೆ ಬಿಚ್ಚಬೇಕು. ಅದನ್ನು ಗ್ಯಾರೇಜಿನಲ್ಲೇ ಮಾಡಿಸುವುದು ಲೇಸು.

ಹಳೆಯ ಬುಲೆಟ್ಟಿನದು ಬೇರೆಯೇ ರೀತಿ. ಅದಕ್ಕೆ ಗೇಜೂ ಬೇಡ. ಪಕ್ಕದ ಮುಚ್ಚಳ ತೆಗೆದು ಒಳಗಿನ ಉದ್ದ ಕಡ್ಡಿಯನ್ನು ಬೆರಳಿನಿಂದ ಹೊಸೆದು ನೋಡುತ್ತಾರೆ. ಕಡ್ಡಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಅಷ್ಟಾದರೆ ಸರಿ. ಈಚೆಗೆ ಬಂದ ಕೆಲವು ಬುಲೆಟ್ಟುಗಳಲ್ಲಿ ಎಣ್ಣೆಯ ಒತ್ತಡವೇ ಸಂದನ್ನು ನೋಡಿಕೊಳ್ಳುತ್ತದೆ. ಹೊಲದ ಡೀಸೆಲ್ ಎಂಜಿನ್ನಿಗೂ ವಾಲ್ವ್ ಇದೆ, ಸಂದು ಇದೆ, ಅದರದೇ ಅಂಕಿ ಇದೆ.

ಗ್ಯಾರೇಜಿಗೆ ಹೋದಾಗ

ಎಲ್ಲರಿಗೂ ಮನೆಯಲ್ಲಿ ಮಾಡಲು ಆಗುವುದಿಲ್ಲ, ಮಾಡಲೇಬೇಕು ಎಂದೂ ಇಲ್ಲ. ಆದರೆ ಗ್ಯಾರೇಜಿನಲ್ಲಿ ಎರಡು ಮಾತು ಕೇಳಬಹುದು. ಮುಂದಿನ ಸಲ ಅಕ್ಕನೇ ಗ್ಯಾರೇಜಿಗೆ ಹೋದಳು. ಗಂಡ ಊರಲ್ಲಿ ಇರಲಿಲ್ಲ.

“ತಮ್ಮಾ, ಗಾಡಿ ರಾತ್ರಿ ಇಲ್ಲೇ ಬಿಟ್ಟು ಹೋಗ್ತೀನಿ. ಮುಂಜಾನೆ ತಣ್ಣಗಿದ್ದಾಗ ಟ್ಯಾಪೆಟ್ ನೋಡು. ಗೇಜ್ ಹಾಕಿ ನೋಡು.”

ಹುಡುಗ ನಕ್ಕ. “ಕಿವಿಲೇ ಗೊತ್ತಾಗ್ತೈತ್ರಿ ಅಕ್ಕಾರ. ಇಷ್ಟು ವರ್ಷ ಮಾಡೇವಿ.”

“ಸಡ್ಲ ಇದ್ರ ಕಿವಿಗೆ ಗೊತ್ತಾಗ್ತೈತಿ. ಬಿಗಿ ಇದ್ರ?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಡಬ್ಬಿಯಿಂದ ಗೇಜು ತೆಗೆದು ಒರೆಸಿದ. ಕಿವಿಯಿಂದ ಎಂಜಿನ್ನಿನ ನಾಡಿ ಹಿಡಿಯುವ ಜಾಣ ಮೇಸ್ತ್ರಿಗಳು ಜಮಖಂಡಿಯಲ್ಲೂ ಮುಧೋಳದಲ್ಲೂ ಇದ್ದಾರೆ. ಟೈಮಿಂಗ್ ಚೈನಿನ ಸದ್ದು ಯಾವುದು, ಟ್ಯಾಪೆಟ್ಟಿನ ಸದ್ದು ಯಾವುದು ಎಂದು ಅವರು ಕೂಡಲೇ ಹೇಳುತ್ತಾರೆ. ಆದರೆ ಇಲ್ಲದ ಸದ್ದನ್ನು ಯಾವ ಕಿವಿಯೂ ಕೇಳುವುದಿಲ್ಲ.

ಮರುದಿನ ಅಕ್ಕ ಬಂದಾಗ ಹುಡುಗ ಅಂಕಿ ಹೇಳಿದ. ಅವಳು ಚೀಲದಿಂದ ನೋಟ್‌ಬುಕ್ ತೆಗೆದಳು. ಸಂಘದ ಕಂತು ಬರೆಯುವ ಪುಸ್ತಕ ಅದು. ಹಿಂದಿನ ಹಾಳೆಯಲ್ಲಿ ಮೀಟರಿನ ಕಿಲೋಮೀಟರ್ ಬರೆದಳು. ಅದರ ಕೆಳಗೆ ಹೀಗೆ ಬರೆದಳು:

ಒಳಗ 0.05. ಹೊರಗ 0.05. ತಣ್ಣಗ ಇದ್ದಾಗ ನೋಡಿದ್ದು.